ಕಲ್ಲುಗಿವಿ

“ಹಿಂದೆ ಸರಿ” ಎಂದು ಹುಸೇನಪ್ಪನ ಕಿವಿಯೊಳಗೆ ಪುಟ್ಟ ದನಿಯೊಂದು ಹೇಳಿತು. ಅವನು ಕೊರೆಯುವ ಯಂತ್ರವನ್ನು ಅಲ್ಲೇ ಬಿಟ್ಟು ಹಿಂದೆ ಸರಿದ. ಮರುಗಳಿಗೆ ಅವನು ನಿಂತಿದ್ದ ಜಾಗಕ್ಕೆ ಸುರಂಗದ ಚಾವಣಿಯಿಂದ ಎಮ್ಮೆಯಷ್ಟು ದೊಡ್ಡ ಬಂಡೆ ಕಳಚಿ ಬಿತ್ತು. ಅವನ ಹೆಲ್ಮೆಟ್ಟಿಗೆ ಅಂಟಿಸಿದ್ದ, ಬೆಂಕಿಪೊಟ್ಟಣದಷ್ಟು ಹಗುರವಾದ ಆ ಸಾಧನದ ಹೆಸರು ಕಲ್ಲುಗಿವಿ.

ನೆಟ್‌ವರ್ಕ್ ಒಂದು ಗಳಿಗೆ ಹೋದರೆ ನೆಂಟರ ಮನೆಯ ದಾರಿಯೂ ತೋಚದ ಕಾಲವದು. ನೆಲದಡಿಯ ಚಿನ್ನದ ಗಣಿಗೆ ಆ ನೆಟ್‌ವರ್ಕ್ ಇಳಿಯುವುದೇ ಇಲ್ಲ. ಅದಕ್ಕೇ ವಿಜ್ಞಾನಿ ಮಾಲತಿ ಕರಗುದರಿ, ಹೊರಗಿನ ಯಾರನ್ನೂ ಕೇಳದೆ ತಾನೇ ಲೆಕ್ಕ ಹಾಕಬಲ್ಲ ಕಿರುಗಣಕವೊಂದನ್ನು ರೂಪಿಸಿದ್ದರು. ಬಂಡೆ ಸಡಿಲವಾಗುವ ಮುನ್ನ ಅದರೊಳಗೆ ಮನುಷ್ಯರಿಗೆ ಕೇಳಿಸದಷ್ಟು ಸಣ್ಣ ಬಿರುಕುಸದ್ದು ಏಳುತ್ತದೆ. ಕಲ್ಲುಗಿವಿ ಅದನ್ನು ಗುರುತಿಸಿ ಎಚ್ಚರಿಸುತ್ತಿತ್ತು. ಮೊದಲ ಮಾದರಿ ಎಲ್ಲರಿಗೂ ಕೇಳುವಂತೆ ಕಿರುಚುತ್ತಿತ್ತು. ಇಷ್ಟೊಂದು ಹೆಲ್ಮೆಟ್ಟುಗಳು ಒಟ್ಟಿಗೆ ಅರಚಿದರೆ ತಲೆ ಚಿಟ್ಟು ಹಿಡಿಯುತ್ತದೆಂದು ಕಾರ್ಮಿಕರೇ ಗೊಣಗಿದರು. ಮಾಲತಿ ಆ ದನಿಯನ್ನು ಧರಿಸಿದವನ ಕಿವಿಗಷ್ಟೇ ಕೇಳುವಂತೆ ಮಾಡಿದರು.

ಅದಕ್ಕೂ ಹಿಂದೆ ಕಬ್ಬಿಣದ ಸಲಾಕೆಯಿಂದ ಚಾವಣಿಯನ್ನು ಬಡಿದು ನೋಡುವುದು ವಾಡಿಕೆ. ಸದ್ದು ಟೊಳ್ಳೆನಿಸಿದರೆ ಬಡಿದವನು ಗಂಟಲು ಹರಿಯುವಂತೆ ಕೂಗಬೇಕು, ಉಳಿದವರು ಎದ್ದುಬಿದ್ದು ಓಡಬೇಕು. ಹಾಗೆ ಕೂಗಿಯೂ ವರ್ಷಕ್ಕೊಂದೆರಡು ಹೆಣ ಮೇಲೆ ಬರುತ್ತಿದ್ದವು. ಕಲ್ಲುಗಿವಿ ಬಂದ ಮೇಲೆ ಒಂದೂ ಬರಲಿಲ್ಲ. ಸಲಾಕೆಗಳು ಗುಜರಿಗೆ ಹೋದವು, ಕೂಗುವ ಅಭ್ಯಾಸವೂ ತಪ್ಪಿತು.

ಹೀಗಿರುವಾಗ ಒಂದು ದಿನ ಬಂಡೆ ಬಿದ್ದು ಮೌನೇಶ ಸತ್ತ. ಅವನು ಹುಸೇನಪ್ಪನ ತಂಗಿಯ ಗಂಡ. ಇಬ್ಬರೂ ಅಕ್ಕಪಕ್ಕ ನಿಂತು ಕೊರೆಯುತ್ತಿದ್ದರು. ಮಣ್ಣು ಮಾಡಿ ಬಂದ ಮೇಲೆ ತಂಗಿ ಅಳಲಿಲ್ಲ. ಇಬ್ಬರೂ ಜೊತೆಗಿದ್ದು ನೀನೊಬ್ಬನೇ ಹೇಗೆ ಬಂದೆ ಎಂದಷ್ಟೇ ಕೇಳಿದಳು. ಹುಸೇನಪ್ಪ ನೇರವಾಗಿ ಮಾಲತಿಯವರ ಬಳಿ ಹೋದ. ಕಲ್ಲುಗಿವಿಯೇ ಕೆಟ್ಟಿತ್ತು ಎಂದು ಅವರು ಹೇಳಿಬಿಟ್ಟರೆ ತಂಗಿಯ ಮುಂದೆ ತಲೆಯೆತ್ತಿ ನಿಲ್ಲಬಹುದು ಎಂಬುದೊಂದೇ ಅವನ ಆಸೆ.

ಮಾಲತಿ ಎರಡೂ ಸಾಧನಗಳನ್ನು ಬಿಚ್ಚಿ ಪರೀಕ್ಷಿಸಿದರು. ಮೌನೇಶನದರಲ್ಲಿ ಬ್ಯಾಟರಿ ಖಾಲಿಯಾಗಿತ್ತು. ತೂಕ ಇಳಿಸುವ ಹಟದಲ್ಲಿ ಬ್ಯಾಟರಿಯನ್ನು ಅಷ್ಟು ಚಿಕ್ಕದು ಮಾಡಿದ್ದು ತಮ್ಮದೇ ತಪ್ಪೆಂದು ಅವರು ಮುಚ್ಚುಮರೆಯಿಲ್ಲದೆ ಒಪ್ಪಿಕೊಂಡರು. ಆದರೆ ಹುಸೇನಪ್ಪನದು ಸರಿಯಾಗಿಯೇ ಇತ್ತು. ಅದರೊಳಗಿನ ದಾಖಲೆಯಂತೆ ಅದು ಸಾಕಷ್ಟು ಮುಂಚೆಯೇ ಎಚ್ಚರಿಸಿತ್ತು. ಪಕ್ಕದವನ ತೋಳು ಹಿಡಿದು ಎಳೆಯುವಷ್ಟು ಸಮಯವಿತ್ತು.

“ಆವಾಗ ನೀವು ಅವ್ರನ್ನ ಕೂಗಲಿಲ್ಲೇನ್ರಿ?”

“ಇಲ್ರಿ” ಎಂದ ಹುಸೇನಪ್ಪ. “ಅವ್ನ ಕಿವ್ಯಾಗೂ ಹೇಳಿರ್ತೈತಿ ಅನ್ಕೊಂಡೆ.”

ಮಾಲತಿ ಬಿಚ್ಚಿಟ್ಟ ಎರಡೂ ಸಾಧನಗಳನ್ನು ಒಂದೆಡೆ ಸರಿಸಿದರು. ಆಮೇಲೆ, ಅವನನ್ನು ಸಮಾಧಾನಪಡಿಸಬೇಕೆಂದೋ ತಮ್ಮನ್ನೋ, ಮುಂದಿನ ಮಾದರಿಯ ವಿಷಯ ತೆಗೆದರು. ಕಲ್ಲುಗಿವಿಗಳು ತಮ್ಮತಮ್ಮಲ್ಲೇ ಮಾತಾಡಿಕೊಳ್ಳುವಂತೆ ಮಾಡುತ್ತೇನೆ, ಒಂದರ ಎಚ್ಚರಿಕೆ ಇನ್ನೊಂದಕ್ಕೆ ತಲುಪುತ್ತದೆ, ಅದಕ್ಕೆ ಇಂಟರ್ನೆಟ್ ಬೇಕಿಲ್ಲ, ಇಬ್ಬರೂ ಹತ್ತಿರದಲ್ಲಿದ್ದರೆ ಸಾಕು ಎಂದು ವಿವರಿಸಿದರು.

ಹುಸೇನಪ್ಪ ಕಣ್ಣೊರೆಸಿಕೊಂಡು ಅವರನ್ನೇ ನೋಡಿದ.

“ನಾ ಹತ್ರಾನ ಇದ್ನೆಲ್ರಿ, ಮೇಡಂ.”