ಬದನೆಕಾಯಿಗೆ ಎರಡು ತೂತು

ಬೀಗ ರಿಪೇರಿಯವನು ಅಂಗಡಿಗೆ ನುಗ್ಗಿದಾಗ, ಕತ್ತರಿ ಎಂದೇ ಹೆಸರಾದ ಕ್ಷೌರಿಕ ಗಿರಾಕಿಯೊಬ್ಬನ ಅರ್ಧ ಮೀಸೆ ಬೋಳಿಸಿದ್ದ. ಮೂಲೆಯಲ್ಲಿ ಟಿಕೆಟ್ ಅಕ್ಕ ಪತ್ರಿಕೆ ಓದುತ್ತಿದ್ದಳು. ಬಸ್ಸಿನ ಕಂಡಕ್ಟರ್ ಆಗಿ ನಿವೃತ್ತಳಾದವಳು. ಬೆನ್ನು ನೋಡಿಯೇ ಟಿಕೆಟ್ ಇಲ್ಲದವರನ್ನು ಹಿಡಿಯುತ್ತಿದ್ದಳಂತೆ. ಬೀದಿಯಲ್ಲಿ ಕೋಳಿ ಕಳೆದರೂ ಜನ ಅವಳ ಹತ್ತಿರವೇ ಬರುತ್ತಿದ್ದರು, ಅವಳು ಹೊರಟರೆ ಕತ್ತರಿಯೂ ಹಿಂದೆಯೇ ಓಡುತ್ತಿದ್ದ.

"ಅಕ್ಕಾ, ನನ್ನ ಬದನೆಕಾಯಿಗೆ ಯಾರೋ ಎರಡು ತೂತು ಕೊರೆದಿದಾರೆ."

ಬದನೆಕಾಯಿ ಎಂದರೆ ಅವನ ವೆಲೊಮೊಬೈಲ್. ಮೂರು ಚಕ್ರ, ಮೇಲೆ ನೇರಳೆ ಬಣ್ಣದ ಮೊಟ್ಟೆಯಂಥ ಚಿಪ್ಪು. ಒಳಗೆ ಒರಗಿ, ಕಾಲು ಚಾಚಿ ಪೆಡಲ್ ತುಳಿಯುವ ಗಾಡಿ. ಇಳಿಜಾರಿನಲ್ಲಿ ಬಿಟ್ಟರೆ ಅದರ ನೆರಳು ಮರುದಿನ ಬಂದು ಸೇರುತ್ತಿತ್ತಂತೆ.

"ಭಾನುವಾರ ಪೆಡಲ್ ಗಾಡಿಗಳ ಓಟ. ಸೋಲ್ತೀನಂತ ಹೆದರಿ ಆ ಅಂಚೆಯವನೇ ಮಾಡಿದಾನೆ. ಇಷ್ಟು ವರ್ಷದ ಸ್ನೇಹ ಇವತ್ತಿಗೆ ಮುಗೀತು. ಇನ್ನು ಅವನ ಮುಖ ನೋಡಲ್ಲ."

"ನೋಡ್ತಾನೇ ಇದೀಯಲ್ಲ," ಎಂದಿತು ಕುರ್ಚಿಯಲ್ಲಿದ್ದ ನೊರೆ. ಅಂಚೆಯವನು ಅರ್ಧ ಮೀಸೆಯಲ್ಲೇ ಎದ್ದು ನಿಂತ.

"ಹೊಡೆದಾಟ ಆಮೇಲೆ, ಮೊದಲು ತೂತು," ಎಂದಳು ಅಕ್ಕ.

ಬೀಗದವನದು ಒಂದೇ ಅಂತಸ್ತಿನ, ಬೀದಿಗೆ ಸಮವಾಗಿದ್ದ ಮನೆ. ಎರಡು ಸ್ಟೀಲ್ ಬಟ್ಟಲು ಕಾಣೆಯಾಗಿವೆ ಎಂದು ಅವನ ಅತ್ತೆ ಗೊಣಗುತ್ತಿದ್ದಳು. ಏಣಿಯಷ್ಟು ಉದ್ದದ ಮಾವ, ಹಳೇ ಬಡಗಿ, ಹಿತ್ತಿಲಿನ ಬೆಂಚಿನ ಮೇಲೆ ಕೂತು ತರಚಿದ ಮಂಡಿಗಳಿಗೆ ಮುಲಾಮು ಹಚ್ಚುತ್ತಿದ್ದ.

"ಏನಾಯ್ತು ಮಂಡಿಗೆ?" ಕತ್ತರಿ ಕೇಳಿದ.

"ಮೆಟ್ಟಿಲು ಹತ್ತೀ ಹತ್ತೀ ಸವೀತು. ಆ ಶವಪೆಟ್ಟಿಗೆಗೆ ತೂತಾಗಿದ್ದು ಒಳ್ಳೇದಾಯ್ತು, ಹೆಣಕ್ಕೆ ಗಾಳಿ ಆಡ್ಲಿ."

ಅಕ್ಕ ಪಕ್ಕದಲ್ಲೇ ನಿಂತಿದ್ದ ಗಾಡಿಯ ಚಿಪ್ಪಿನ ಮೇಲಿನ ತೂತುಗಳ ಅಂಚಿಗೆ ಬೆರಳಾಡಿಸಿದಳು. ಕತ್ತರಿಯೂ ಮುಟ್ಟಿ ನೋಡಿದ. ಅವನು ಬೋಳಿಸಿದ ಯಾವ ಗಲ್ಲವೂ ಅಷ್ಟು ನುಣುಪಾಗಿರಲಿಲ್ಲ.

ಅಕ್ಕ ಎಲ್ಲರನ್ನೂ ಗಾಡಿಯ ಸುತ್ತ ಸೇರಿಸಿ, ಒಬ್ಬೊಬ್ಬರನ್ನೇ ಒಳಗೆ ಕೂರಿಸಿದಳು. ಬೀಗದವನ ಮಂಡಿ ಚಿಪ್ಪಿಗೆ ತಾಗಲಿಲ್ಲ. ಗಿಡ್ಡ ಅಂಚೆಯವನಿಗೆ ಪೆಡಲ್ಲೇ ಎಟುಕಲಿಲ್ಲ.

"ಈಗ ನೀವು, ಯಜಮಾನ್ರೇ."

"ನಾನಾ? ಸತ್ತ ಮೇಲೆ ಕೂರ್ತೀನಿ."

"ಟಿಕೆಟ್ ಇಲ್ಲದೆ ಹತ್ತಿದೋರು ನಂಗೆ ಗೊತ್ತಾಗ್ತಾರೆ. ಕೂತ್ಕೊಳ್ಳಿ."

ಮಾವ ಕೂತ. ಪೆಡಲ್ ಒಂದು ಸುತ್ತು ತಿರುಗಿತು. ಕಿಟಕಿಯಿಂದ ಇಣುಕುವ ಬೋಳುತಲೆಗಳಂತೆ ಅವನ ಮಂಡಿಗಳು ಒಂದಾದ ಮೇಲೊಂದು ತೂತಿನಿಂದ ಮೇಲೆದ್ದವು.

"ಹಗೆ ಇರೋನು ಚಿಪ್ಪು ಒಡೆದು ಹೋಗ್ತಾನೆ, ಅಂಚು ಉಜ್ಜುತ್ತಾ ಕೂರಲ್ಲ," ಎಂದಳು ಅಕ್ಕ. "ಇದು ಗಾಡಿ ಮೇಲೆ ಆಸೆ ಇರೋನ ಕೆಲಸ. ಉದ್ದ ಕಾಲಿನೋನು, ಮರಗೆಲಸ ಬಲ್ಲೋನು. ಮೆಟ್ಟಿಲೇ ಇಲ್ಲದ ಮನೇಲಿ ಮೆಟ್ಟಿಲು ಹತ್ತಿ ಮಂಡಿ ತರಚಿಕೊಂಡೋನು. ತೂತು ಎರಡು, ಹೋದ ಬಟ್ಟಲೂ ಎರಡು. ಕತ್ತರಿ, ಬೆಂಚಿನ ಕೆಳಗೆ ನೋಡು."

ನೇರಳೆ ಬಣ್ಣ ಬಳಿದ ಎರಡು ಬಟ್ಟಲು ಅಲ್ಲಿ ಬೋರಲಾಗಿ ಒಣಗುತ್ತಿದ್ದವು. ಕತ್ತರಿ ತಂದು ತೂತಿನ ಮೇಲಿಟ್ಟ. ಅಳತೆ ಕೊಟ್ಟು ಮಾಡಿಸಿದ ಟೋಪಿಯ ಹಾಗೆ ಕೂತವು. ಒಳಗೆ ಮಂಡಿಗೆ ಬೇಕಾದಷ್ಟು ಜಾಗ.

"ನೀನು ಅಂಗಡಿಗೆ ಹೋದ್ಮೇಲೆ ದಿನಾ ಒಂದು ಸುತ್ತು ಹೊಡೀತಿದ್ದೆ," ಎಂದ ಮಾವ, ಅಳಿಯನ ಮುಖ ನೋಡದೆ. "ಶವಪೆಟ್ಟಿಗೆ ಅಂತ ಊರಿಗೆಲ್ಲ ಸಾರಿದ ಬಾಯಲ್ಲಿ ಹೆಂಗೆ ಕೇಳ್ಲಿ? ನೀನು ಬರೋದ್ರೊಳಗೆ ಅಂಟಿಸಿಬಿಡೋಣ ಅಂತಿದ್ದೆ. ಇವತ್ತು ನೀನೇ ಬೇಗ ಬಂದ್ಬಿಟ್ಟೆ."

ಬೀಗದವನು ಅಂಚೆಯವನ ಕಡೆ ತಿರುಗಿದ. "ತಪ್ಪಾಯ್ತು ಕಣೋ."

"ಭಾನುವಾರ ಸೋತು ತೀರಿಸು."

"ಭಾನುವಾರ ತುಳಿಯೋದು ನಾನಲ್ಲ, ಮಾವ."

ಆ ಉದ್ದ ಕಾಲುಗಳನ್ನು ನೋಡಿ ಅಂಚೆಯವನ ಉಳಿದರ್ಧ ಮೀಸೆಯೂ ಇಳಿಬಿತ್ತು.

ಅತ್ತೆ ಗಂಡನನ್ನು ದುರುಗುಟ್ಟಿ ನೋಡಿದಳು. "ಬಹುಮಾನಕ್ಕೆ ಕಪ್ಪು ಕೊಡ್ತಾರಂತೆ. ನನ್ನ ಬಟ್ಟಲಿನ ಬದಲಿಗೆ ಅದನ್ನೇ ಗೆದ್ದು ತನ್ನಿ. ಅಲ್ಲೀತನಕ ನಿಮಗೆ ಸಾರು ಲೋಟದಲ್ಲೇ."