ಗುಡ್ನಾಪುರದ ಫೋಲ್ಡರ್

ಫೋನಿನ ಆ ಕಡೆಯ "ಹಲೋ" ಕೇಳುತ್ತಲೇ ಗೀತಾ ಹೇಳಬೇಕೆಂದುಕೊಂಡಿದ್ದೆಲ್ಲ ಮರೆತಳು.

"ಯಾರ್ರಿ?" ಎಂದ ಮಧುಕೇಶ್ವರ.

"ಶಿರಸಿಯಿಂದ... ಗೀತಾ."

ಅವನ ದನಿ ಮೆತ್ತಗಾಯಿತು. "ಹೇಳ್ರಿ."

ಹೇಳ್ರಿ! ಅಪ್ಪನ ಫೋಟೋ ಸ್ಟುಡಿಯೋದಲ್ಲಿ ಕೆಲಸಕ್ಕಿದ್ದಾಗ "ಏ ಗೀತಾ" ಎಂದು ಬೀದಿಗೆಲ್ಲ ಕೇಳುವಂತೆ ಕೂಗುತ್ತಿದ್ದವನು. ಈ ಮನೆಯ ಕೆಳಗಿನ ಕಂಪ್ಯೂಟರಿಗೂ ಮಾಳಿಗೆಯ ಅವಳ ಕೋಣೆಗೂ ನೆಟ್‌ವರ್ಕ್ ಜೋಡಿಸಿಕೊಟ್ಟವನೂ ಅವನೇ. ಅಪ್ಪ ತೀರಿಕೊಂಡ ಮೇಲೆ ಯಲ್ಲಾಪುರದಲ್ಲಿ ಅಂಗಡಿ ಇಡುತ್ತೇನೆಂದು ಅವ್ವನ ಕಾಲಿಗೆರಗಿ, ಇವಳ ಮುಖವನ್ನೂ ನೋಡದೆ ಹೋಗಿಬಿಟ್ಟಿದ್ದ.

"ಹೊಸ ಲ್ಯಾಪ್‌ಟಾಪ್ ತಗೊಂಡೀನಿ. ಕೆಳಗಿನ ಕಂಪ್ಯೂಟರಿನಾಗಿನ ಅಪ್ಪನ ಫೋಟೋ ಫೋಲ್ಡರ್ ಇದರಾಗ ತೆರೆಯವಲ್ದು."

"ಫೋಲ್ಡರ್ ಕಾಣಸ್ತೈತೇನ್ರಿ?"

"ಕಾಣಸ್ತೈತಿ. ಒತ್ತಿದ್ರ, ನಿಮಗ ಅನುಮತಿ ಇಲ್ಲ ಅಂತೈತಿ."

ವೈಫೈ ನೋಡಿದ್ದಾಯಿತು, ಎರಡನ್ನೂ ಬಂದ್ ಮಾಡಿ ಮತ್ತೆ ಹಚ್ಚಿದ್ದಾಯಿತು. ಏನು ಮಾಡಿದರೂ ಅದೇ ಉತ್ತರ. ಕೊನೆಗೆ ಅವನೇ, "ರವಿವಾರ ಬರ್ತೀನ್ರಿ" ಎಂದ.

ರವಿವಾರ ಬಂದ. ಕಿವಿಯ ಹತ್ತಿರ ಒಂದೆರಡು ಕೂದಲು ಬೆಳ್ಳಗಾಗಿದ್ದವು. ಅವ್ವ ನೀಲಗಂಗವ್ವ, "ಸೊರಗೀಯಲ್ಲೋ ತಮ್ಮಾ" ಎಂದು ಮಂಡಕ್ಕಿ ಒಗ್ಗರಣೆಗೆ ಒಲೆ ಹಚ್ಚಿದಳು. ಅವನು ಅಪ್ಪನ ಕುರ್ಚಿ ಬಿಟ್ಟು ಪಕ್ಕದ ಸ್ಟೂಲಿನ ಮೇಲೆ ಕೂತ. ಗೀತಾ ಬಾಗಿಲಿಗೊರಗಿ ನಿಂತಳು. ಅವನ ಬೆರಳುಗಳು ಮೌಸಿನ ಮೇಲೆ ಓಡುವ ರೀತಿ ಒಂದಿಷ್ಟೂ ಬದಲಾಗಿರಲಿಲ್ಲ.

"ಶೇರಿಂಗ್ ಸರಿ ಐತಿ. ಆದ್ರ ಅದು ಹೊರಗಿನ ಗೇಟಷ್ಟೇ. ಒಳಗಿನ ಬಾಗಿಲು ಸೆಕ್ಯುರಿಟಿ. ಅಲ್ಲಿ ನಿಮ್ಮ ಹೆಸರೇ ಇಲ್ಲ. ಹಳೇ ಅಕೌಂಟ್ ಅಳಿಸೀರೇನು?"

"ಹೂಂ. ಹೊಸಾದು ಮಾಡ್ಕೊಂಡೆ."

"ಅದಕ್ಕ ಈ ಕಂಪ್ಯೂಟರಿಗೆ ನಿಮ್ಮ ಗುರ್ತು ಸಿಗವಲ್ದು." ಪರದೆಯ ಹತ್ತಿರ ಬಾಗಿದವನು ತಟ್ಟನೆ ಹಿಂದೆ ಸರಿದ. "ನಾಗಪ್ಪ ಅಂತ ನಿಮ್ಮಪ್ಪನ ಹೆಸರು ಐತಿ. ಮಧು ಅಂತನೂ ಐತಿ. ನನ್ನ ಅಕೌಂಟ್ ಯಾಕ ಅಳಿಸಿಲ್ರಿ?"

ಗೀತಾಳ ಕಿವಿ ಬಿಸಿಯಾಯಿತು. "ಹೆಂಗ ಅಳಿಸೋದು ಗೊತ್ತಾಗಲಿಲ್ಲ."

"ಸ್ವಂತದ್ದು ಅಳಿಸಾಕ ಗೊತ್ತಾತು, ನಂದು ಅಳಿಸಾಕ ಗೊತ್ತಾಗಲಿಲ್ಲ!"

"ಬಂದ ಕೆಲಸ ಮಾಡ್ರಿ."

ಅವನು ನಗುತ್ತ ಅವಳ ಹೆಸರು ಸೇರಿಸಿದ. ಅವಳು ಲ್ಯಾಪ್‌ಟಾಪ್ ತಂದು ಪಕ್ಕದಲ್ಲಿಟ್ಟು ಪಾಸ್‌ವರ್ಡ್ ಒತ್ತಿದಳು. ಫೋಲ್ಡರ್ ತೆರೆಯಿತು. ಮದುವೆಗಳು, ತೊಟ್ಟಿಲುಗಳು, ಅಪ್ಪ ಕಂಡ ಊರಿನ ಮುಖಗಳೆಲ್ಲ ಒಂದೊಂದಾಗಿ ಮೂಡಿದವು. ಗುಡ್ನಾಪುರದ ಕೆರೆಯ ಫೋಟೋದ ಮೇಲೆ ಅವಳ ಬೆರಳು ನಿಂತಿತು.

ಕೆರೆಯ ದಂಡೆಯಲ್ಲಿ ಮದುಮಕ್ಕಳು. ಮಧು ಬಿಸಿಲು ತಿರುಗಿಸುವ ಬೆಳ್ಳಿಬಣ್ಣದ ರಿಫ್ಲೆಕ್ಟರ್ ಹಿಡಿದಿದ್ದಾನೆ. ಆದರೆ ಬಿಸಿಲು ಮದುಮಗಳ ಮೇಲೆ ಬಿದ್ದಿಲ್ಲ. ಬದಿಗೆ ಚಪ್ಪಲಿ ಕೈಯಲ್ಲಿ ಹಿಡಿದು, ನೀರಿನಲ್ಲಿ ನಿಂತು ನಗುತ್ತಿರುವ ಗೀತಾಳ ಮುಖ ಮಾತ್ರ ಬಂಗಾರದಂತೆ ಹೊಳೆಯುತ್ತಿದೆ.

"ಆವತ್ತು ನಿಮ್ಮಪ್ಪ ಬೈದ್ರು," ಮಧು ತಗ್ಗಿದ ದನಿಯಲ್ಲಿ ಹೇಳಿದ. "ಬೆಳಕು ಎಲ್ಲಿ ಬಿಡಾಕ ಹತ್ತೀಯಲೇ ಅಂದ್ರು. ಮರುದಿನ ಧೈರ್ಯ ಮಾಡಿ ಕೇಳೇಬಿಟ್ಟೆ. ನಿನ್ನ ನನಗ ಕೊಡ್ತೀರೇನು ಅಂತ. ಗೀತಾನ್ನ ಕೇಳಿ ಹೇಳ್ತೀನಿ ಅಂದ್ರು."

ಗೀತಾ ಅವನತ್ತ ತಿರುಗಿದಳು. ಅವನು 'ನಿನ್ನ' ಎಂದಿದ್ದ.

"ಕಾದೆ. ಅವರೂ ಹೇಳಲಿಲ್ಲ, ನೀನೂ ಹೇಳಲಿಲ್ಲ. ನೀ ಒಲ್ಲೆ ಅಂದಿರ್ಬೇಕು ಅಂದ್ಕೊಂಡೆ. ಆಮೇಲೆ ಅವರೇ ಹೋಗಿಬಿಟ್ರು. ಆ ದುಃಖದಾಗ ಮತ್ತ ಹೆಂಗ ಕೇಳ್ಲಿ?"

"ನನ್ನ ಯಾರೂ ಕೇಳೇ ಇಲ್ಲ, ಮಧು."

ಬಾಗಿಲಲ್ಲಿ ತಟ್ಟೆ ಹಿಡಿದು ನಿಂತಿದ್ದ ಅವ್ವ ಸೆರಗಿನಿಂದ ಕಣ್ಣೊರೆಸಿಕೊಂಡಳು. "ನಿಮ್ಮಪ್ಪ ದಿನಾ ಮಾಳಿಗಿ ಮೆಟ್ಟಲ ತನಕ ಹೋಗಿ ಹೊಳ್ಳಿ ಬರ್ತಿದ್ರವ್ವಾ. ಕೇಳಿದ್ರ ಹೂಂ ಅಂತಾಳ, ಮನಿ ಖಾಲಿ ಆಗ್ತೈತಿ, ನಾಳೆ ಕೇಳ್ತೀನಿ ಅಂತಿದ್ರು. ಆ ನಾಳೆ ಬರಲೇ ಇಲ್ಲ. ಈತನೂ ಹೋದ. ಹೋದಾತನ ಹೆಸರೆತ್ತಿ ನಿನ್ನ ಯಾಕ ಅಳಿಸ್ಲಿ ಅಂತ ನಾನೂ ಸುಮ್ನಾದೆ." ತಟ್ಟೆಯನ್ನು ಮೇಜಿನ ಮೇಲಿಟ್ಟು ಸರಸರನೆ ಒಳಗೆ ಹೋದಳು.

ಗೀತಾ ಅಪ್ಪನ ಕುರ್ಚಿಯಲ್ಲಿ ಕೂತಳು. ಮಗಳು ಹೂಂ ಅನ್ನುತ್ತಾಳೆಂದು ಅಪ್ಪನಿಗೆ ಗೊತ್ತಿತ್ತು. ಸಿಟ್ಟು ಬರಬೇಕಿತ್ತು. ಆದರೆ ಮೆಟ್ಟಿಲ ಬುಡದಲ್ಲಿ ತಲೆ ಕೆರೆದುಕೊಂಡು ನಿಂತ ಅಪ್ಪನೇ ಕಣ್ಣಿಗೆ ಕಟ್ಟಿ, ನಗು ಅಳು ಎರಡೂ ಒಟ್ಟಿಗೇ ಬಂದವು.

"ಈಗ ನೀನ ಕೇಳು," ಎಂದಳು. "ನನ್ನ."

ಮಧು ಸ್ಟೂಲಿನಿಂದ ಎದ್ದ. ಏನು ತೋಚಿತೋ ಮತ್ತೆ ಕೂತ. "ನನ್ನ ಮದಿವಿ ಆಗ್ತಿಯೇನು, ಗೀತಾ?"

"ಇಷ್ಟು ವರ್ಷ ತಗೊಂಡಿ. ನಾನೂ ಸ್ವಲ್ಪ ವಿಚಾರ ಮಾಡ್ಬೇಕಲ್ಲ."

ಅವನ ಮುಖ ಬಾಡಿತು. ಅವಳು ಅದನ್ನೇ ಒಂದು ಗಳಿಗೆ ಕಣ್ತುಂಬ ನೋಡಿದಳು. ಆಮೇಲೆ ಮೌಸಿನ ಮೇಲಿದ್ದ ಅವನ ಕೈಮೇಲೆ ತನ್ನ ಕೈ ಇಟ್ಟಳು.

"ವಿಚಾರ ಮಾಡಿದ್ದಾತು. ಹೂಂ."