ಜೇಬಿನಲ್ಲಿದ್ದ ಫ್ಯೂಸ್

ನನ್ನದೇ ತಪ್ಪಿರಬಹುದೆಂದು ಎಷ್ಟೋ ಸಲ ಯೋಚಿಸಿದ್ದೇನೆ. ನಡೆದದ್ದು ಇಷ್ಟು.

ತೀರಿಕೊಂಡ ಭಾವನ ಧ್ವನಿ ಉಳಿದಿದ್ದುದು ಅವರ ಕಾರಿನ ಸ್ಟೀರಿಯೊದಲ್ಲಿ ಸಿಕ್ಕಿಕೊಂಡಿದ್ದ ಒಂದೇ ಕ್ಯಾಸೆಟ್ಟಿನಲ್ಲಿ. ಕಾರು ರಿಪೇರಿ ನನ್ನ ಕಸುಬು. ಆದರೂ ಪಕ್ಕದ ಸೀಟಿನಲ್ಲೇ ಕೂತಿದ್ದ ಅಕ್ಕ ನನ್ನ ಕೈಯಿಂದ ಕಣ್ಣು ತೆಗೆಯಲಿಲ್ಲ.

"ಟೇಪ್ ಏನಾದ್ರೂ ಹರಿದ್ರೆ ನಿನ್ನ ಚರ್ಮ ಸುಲಿದುಬಿಡ್ತೀನಿ ನೋಡು."

ಸನ್‌ರೂಫಿನ ಮೋಟಾರಿನಿಂದ ಸುಟ್ಟ ವಾಸನೆ ಬರುತ್ತಿತ್ತೆಂದು ಬೆಳಿಗ್ಗೆಯೇ ಅದರ ಫ್ಯೂಸ್ ಕಿತ್ತು ಜೇಬಿಗೆ ಹಾಕಿಕೊಂಡಿದ್ದೆ. ಅನುಮಾನಕ್ಕೆ ಗುಂಡಿ ಒತ್ತಿಯೂ ನೋಡಿದ್ದೆ. ಛಾವಣಿಯ ಗಾಜು ಅಲ್ಲಾಡಿರಲಿಲ್ಲ.

ಕ್ಯಾಸೆಟ್ಟನ್ನು ಹುಷಾರಾಗಿ ಹೊರತೆಗೆದೆ. ಪೆನ್ಸಿಲ್ಲಿನಿಂದ ಸುರುಳಿ ಬಿಗಿಮಾಡಿ, ಸ್ಪಿರಿಟ್ಟಿನ ಹತ್ತಿಯಿಂದ ಸ್ಟೀರಿಯೊದೊಳಗಿನ ಹೆಡ್ ಒರೆಸಿ, ಮತ್ತೆ ಹಾಕಿದೆ. ಕರಕರ ಸದ್ದಿನ ನಡುವೆ ಭಾವ ಕೆಮ್ಮಿದರು.

"ಸೆಕೆ ಆಗ್ತಿದ್ಯೇನೇ? ತೆಗೀಲಾ?"

ತಲೆಯ ಮೇಲೆ ಗಾಜು ಸರಿಯಿತು. ಕತ್ತಿಗೆ ತಣ್ಣನೆ ಗಾಳಿ ತಾಗಿತು. ನನ್ನ ರಿಪೇರಿ ಶೆಡ್ಡಿನ ಬಾಗಿಲು ಮುಚ್ಚಿತ್ತು.

"ಸ್ವಲ್ಪ ಸಾಕು ರೀ," ಎಂದಳು ಅಕ್ಕ, ದಿನಾ ಹೇಳುವವಳ ಹಾಗೆ.

ಗಾಜು ಅರ್ಧಕ್ಕೆ ನಿಂತಿತು.

ಫ್ಯೂಸ್ ಇನ್ನೂ ನನ್ನ ಹತ್ತಿರವೇ ಇದೆ. ಹಾಕಿಕೊಡುತ್ತೇನೆ ಎಂದರೆ ಅಕ್ಕ, "ಬೇಡ ಬಿಡೋ," ಎನ್ನುತ್ತಾಳೆ. ಕಾರು ಅವಳ ಮನೆಯ ಮುಂದೆ ಬಯಲಿನಲ್ಲೇ ನಿಂತಿರುತ್ತದೆ, ಗಾಜು ಅರ್ಧ ತೆರೆದುಕೊಂಡು. ಮಳೆ ಬಂದಾಗ ಮಾತ್ರ ಮುಚ್ಚಿರುತ್ತದೆ.